ಪಂಜರವಲ್ಲ, ಹಂದರ

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧಿಯ ಕೆಲವು ಸುತ್ತು ಮುಗಿಯುವ ಹೊತ್ತಿಗೆ ಹಲವು ರೋಗಿಗಳಿಗೆ ಒಂದು ಸಣ್ಣ ತೊಂದರೆ ಕಾಣಿಸಿಕೊಳ್ಳುತ್ತದೆ. ಅಂಗಿಯ ಗುಂಡಿ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ. ಚಪ್ಪಲಿ ಕಾಲಿನಿಂದ ಜಾರಿದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ತಿಳಿಯುತ್ತದೆ. ಕಾಲ್ಬೆರಳ ತುದಿಯಲ್ಲಿ ಶುರುವಾದ ಜೋಮು ನಿಧಾನವಾಗಿ ಪಾದಕ್ಕೆ ಏರುತ್ತದೆ, ಆಮೇಲೆ ಕೈಬೆರಳಿಗೂ ಬರುತ್ತದೆ. ಕೂದಲು ಉದುರುವುದು, ಹೊಟ್ಟೆ ಕೆಡುವುದು, ಬಿಳಿ ರಕ್ತಕಣ ಇಳಿಯುವುದು ಮನೆಯವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಕೊಡುವ ವಿವರಣೆಯೂ ಸರಳ: ಕೀಮೋಥೆರಪಿ ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಹೊಡೆಯುತ್ತದೆ, ಕೂದಲ ಬುಡ, ಕರುಳಿನ ಒಳಪದರ, ಮೂಳೆಯ ಮಜ್ಜೆ ಇವೆಲ್ಲ ವೇಗವಾಗಿ ಬೆಳೆಯುವಂಥವು, ಹಾಗಾಗಿ ಅವಕ್ಕೂ ಪೆಟ್ಟು ಬೀಳುತ್ತದೆ.

ಈ ವಿವರಣೆ ಜೋಮಿನ ಹತ್ತಿರ ಬಂದಾಗ ಮುರಿದುಬೀಳುತ್ತದೆ. ಬೆಳೆದ ಮನುಷ್ಯನ ನರಕೋಶ ವಿಭಜನೆಯಾಗುವುದಿಲ್ಲ. ವಿಭಜನೆಯನ್ನು ತಡೆಯುವ ಔಷಧಿ ವಿಭಜನೆಯೇ ಆಗದ ಕೋಶಕ್ಕೆ ಯಾಕೆ ನೋವು ಕೊಡಬೇಕು? ಇದಕ್ಕೆ ಉತ್ತರ ಹನ್ನೊಂದನೇ ತರಗತಿಯ ಜೀವಶಾಸ್ತ್ರದಲ್ಲಿ ಇರಬೇಕಿತ್ತು. ಎನ್‌ಸಿಇಆರ್‌ಟಿ ಪುಸ್ತಕದ ಕೋಶದ ಅಧ್ಯಾಯದಲ್ಲಿ ಸೈಟೋಸ್ಕೆಲಿಟನ್ ಎಂಬ ವಿಷಯ ಇದೆ. ಒಂದು ಪುಟ್ಟ ಪ್ಯಾರಾ. ಪ್ರೋಟೀನಿನ ಎಳೆಗಳ ಜಾಲ. ಕೋಶಕ್ಕೆ ಆಧಾರ, ಚಲನೆ, ಆಕಾರ ಕೊಡುತ್ತದೆ ಎಂದು ಹೇಳಿ ಅದು ಮುಗಿಯುತ್ತದೆ. ಪಿಯುಸಿ ಓದಿದ, ನೀಟ್ ಬರೆದ ಲಕ್ಷಾಂತರ ಮಕ್ಕಳು ಆ ಪ್ಯಾರಾವನ್ನು ಬಾಯಿಪಾಠ ಮಾಡಿ ಮುಂದೆ ಹೋಗಿದ್ದಾರೆ. ತಪ್ಪು ಅದರ ಚಿಕ್ಕ ಗಾತ್ರದಲ್ಲಿ ಮಾತ್ರ ಇಲ್ಲ. ಅದು ಕಟ್ಟಿಕೊಡುವ ಚಿತ್ರದಲ್ಲೇ ಇದೆ. ಸ್ಕೆಲಿಟನ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಮನಸ್ಸಿಗೆ ಬರುವುದು ಎಲುಬು: ಗಟ್ಟಿಯಾದ, ಒಂದು ಸಲ ಬೆಳೆದು ನಿಂತ, ಉಳಿದದ್ದನ್ನು ಹೊತ್ತುಕೊಂಡಿರುವ ವಸ್ತು. ಕೋಶದೊಳಗೆ ಇರುವುದರ ಸ್ವಭಾವ ಬಹುಪಾಲು ಇದಕ್ಕೆ ಉಲ್ಟಾ.

ಕೋಶದೊಳಗೆ ಮೂರು ಬಗೆಯ ಎಳೆಗಳಿವೆ. ಅತಿ ಸಣ್ಣದು ಆಕ್ಟಿನ್, ದಪ್ಪ ಸುಮಾರು 7 ನ್ಯಾನೋಮೀಟರ್. ಅತಿ ದಪ್ಪದ್ದು ಮೈಕ್ರೋಟ್ಯೂಬ್ಯೂಲ್, ಹೆಸರೇ ಹೇಳುವಂತೆ ಒಳಗೆ ಟೊಳ್ಳಾದ ಕೊಳವೆ, ಅಡ್ಡಳತೆ 25 ನ್ಯಾನೋಮೀಟರ್. ಇವೆರಡರ ನಡುವಿನ ಗಾತ್ರದ ಮೂರನೆಯ ಗುಂಪಿಗೆ ನಡುಗಾತ್ರದ ಎಳೆಗಳೆಂದೇ ಹೆಸರು, ದಪ್ಪ ಸುಮಾರು 10 ನ್ಯಾನೋಮೀಟರ್. ಚರ್ಮದ ಕೋಶದಲ್ಲಿರುವ ಕೆರಟಿನ್ ಈ ಗುಂಪಿನದು. ಇವುಗಳಲ್ಲಿ ಮೈಕ್ರೋಟ್ಯೂಬ್ಯೂಲ್ ಕಟ್ಟಿಕೊಳ್ಳುವ ರೀತಿ ನೋಡಿದರೆ ಉಳಿದ ಕಥೆ ಅರ್ಥವಾಗುತ್ತದೆ. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಎರಡು ತುಂಡು ಸೇರಿ ಒಂದು ಇಟ್ಟಿಗೆಯಾಗುತ್ತದೆ. ಅದರ ಉದ್ದ 8 ನ್ಯಾನೋಮೀಟರ್. ಇಟ್ಟಿಗೆಯ ಮೇಲೆ ಇಟ್ಟಿಗೆ ಕೂತು ಸಾಲಾಗುತ್ತದೆ, ಸಾಮಾನ್ಯವಾಗಿ ಅಂಥ 13 ಸಾಲುಗಳು ಸುತ್ತ ನಿಂತು ಕೊಳವೆಯಾಗುತ್ತದೆ. ಇಟ್ಟಿಗೆಗಳ ನಡುವೆ ಗಾರೆ ಇಲ್ಲ. ಯಾವ ಕ್ಷಣದಲ್ಲಿ ಬೇಕಾದರೂ ಬಿಟ್ಟುಕೊಳ್ಳಬಹುದಾದ ಹಿಡಿತ ಅದು.

ಹೀಗೆ ಬಿಟ್ಟುಕೊಳ್ಳುವ ಗುಣವೇ ಇದನ್ನು ವಿಜ್ಞಾನಿಗಳ ಕಣ್ಣಿನಿಂದ ದಶಕಗಳ ಕಾಲ ಮರೆಮಾಡಿತ್ತು. ಕೋಶದ ಆಕಾರಕ್ಕೆ ಒಳಗಿನ ಎಳೆಗಳ ಚೌಕಟ್ಟು ಕಾರಣ ಎಂಬ ಊಹೆಯನ್ನು ರಷ್ಯದ ನಿಕೊಲಾಯ್ ಕೊಲ್ತ್ಸೊವ್ 1903ರಲ್ಲೇ ಮುಂದಿಟ್ಟಿದ್ದರು. ಫ್ರಾನ್ಸಿನ ಪಾಲ್ ವಿಂಟ್ರೆಬೆರ್ 1931ರಲ್ಲಿ ಆ ಹೆಸರನ್ನು ಫ್ರೆಂಚಿನಲ್ಲಿ ಬಳಕೆಗೆ ತಂದರು. ಅಂದರೆ ವಸ್ತುವನ್ನು ಸರಿಯಾಗಿ ನೋಡುವ ಮೊದಲೇ ಅದಕ್ಕೆ ಎಲುಬಿನ ಹೆಸರು ಬಿದ್ದಿತ್ತು. ವಿಭಜನೆಯಾಗುವ ಕೋಶದಲ್ಲಿ ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳು ಬಣ್ಣ ಹಾಕಿದ ಸ್ಲೈಡುಗಳಲ್ಲಿ ಕಾಣುತ್ತಿದ್ದವು. ಆದರೆ ಅವು ನಿಜವಾಗಿ ಇವೆಯೋ, ಅಥವಾ ಕೋಶವನ್ನು ರಾಸಾಯನಿಕದಲ್ಲಿ ಅದ್ದಿದಾಗ ಹುಟ್ಟಿದ ಗೆರೆಗಳೋ ಎಂಬ ಅನುಮಾನ ಬಹುಕಾಲ ಹೋಗಿರಲಿಲ್ಲ. 1950ರ ದಶಕದ ಆರಂಭದಲ್ಲಿ ಶಿನ್ಯಾ ಇನೊವೆ ತಾವೇ ಸುಧಾರಿಸಿಕೊಂಡ ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಬದುಕಿರುವ ಕೋಶದ ಒಳಗೇ ಆ ಎಳೆಗಳನ್ನು ತೋರಿಸಿದರು. ಇನ್ನೊಂದು ಸಂಗತಿಯನ್ನೂ ಅವರು ಕಂಡರು: ಕೋಶವನ್ನು ತಣ್ಣಗೆ ಮಾಡಿದರೆ ಎಳೆಗಳು ಕರಗಿಹೋಗುತ್ತವೆ, ಮತ್ತೆ ಬೆಚ್ಚಗಾದರೆ ಕಟ್ಟಿಕೊಳ್ಳುತ್ತವೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪು ಬಂದ ಮೇಲೂ ಮೈಕ್ರೋಟ್ಯೂಬ್ಯೂಲುಗಳು ಹೆಚ್ಚಿನ ಕೋಶಗಳಲ್ಲಿ ಕಾಣದೆ ಉಳಿದದ್ದು ಇದೇ ಕಾರಣಕ್ಕೆ. ಆಗ ಕೋಶಗಳನ್ನು ಆಸ್ಮಿಯಂ ಟೆಟ್ರಾಕ್ಸೈಡಿನಲ್ಲಿ, ಹಿಮದಷ್ಟು ತಣ್ಣಗಿಟ್ಟು ಸಿದ್ಧಪಡಿಸುತ್ತಿದ್ದರು. ಕೋಶ ಕೆಡದಿರಲಿ ಎಂದು ಕೊಟ್ಟ ತಂಪೇ ನೋಡಬೇಕಾದ್ದನ್ನು ಅಳಿಸಿಹಾಕುತ್ತಿತ್ತು. 1963ರಲ್ಲಿ ಗ್ಲುಟರಾಲ್ಡಿಹೈಡ್ ಬಳಸುವ ವಿಧಾನ ಬಂತು. ಅದೇ ವರ್ಷ ಹಾರ್ವರ್ಡಿನಲ್ಲಿ ಲೆಡ್‌ಬೆಟರ್ ಮತ್ತು ಪೋರ್ಟರ್ ಸಸ್ಯಕೋಶಗಳಲ್ಲಿ ಈ ಕೊಳವೆಗಳನ್ನು ಸ್ಪಷ್ಟವಾಗಿ ವಿವರಿಸಿದರು. ತಂಪಿಗೆ ಕರಗಿ ಸೆಕೆಗೆ ಕಟ್ಟಿಕೊಳ್ಳುವ ಎಲುಬು ಯಾವ ಪ್ರಾಣಿಗೂ ಇಲ್ಲ. ಹೆಸರು ಬದಲಿಸಲು ಅದು ಒಳ್ಳೆಯ ಸಂದರ್ಭವಾಗಿತ್ತು. ಬದಲಾಗಲಿಲ್ಲ.

1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕರ್ಷ್ನರ್ ಕಂಡದ್ದು ಇನ್ನೂ ವಿಚಿತ್ರ. ಒಂದೇ ದ್ರಾವಣದಲ್ಲಿ, ಒಂದೇ ಹೊತ್ತಿನಲ್ಲಿ, ಪಕ್ಕಪಕ್ಕದ ಎರಡು ಮೈಕ್ರೋಟ್ಯೂಬ್ಯೂಲುಗಳಲ್ಲಿ ಒಂದು ಬೆಳೆಯುತ್ತಿರುತ್ತದೆ, ಇನ್ನೊಂದು ಕುಸಿಯುತ್ತಿರುತ್ತದೆ. ಹೊಸದಾಗಿ ಸೇರುವ ಇಟ್ಟಿಗೆಯಲ್ಲಿ ಜಿಟಿಪಿ ಎಂಬ ಶಕ್ತಿಯ ಅಣು ಕೂತಿರುತ್ತದೆ. ಸೇರಿದ ಸ್ವಲ್ಪ ಹೊತ್ತಿಗೆ ಅದು ಒಡೆಯುತ್ತದೆ, ಇಟ್ಟಿಗೆಯ ಹಿಡಿತ ಸಡಿಲವಾಗುತ್ತದೆ. ತುದಿಯಲ್ಲಿ ಹೊಸ ಇಟ್ಟಿಗೆಗಳ ಟೋಪಿ ಇರುವ ತನಕ ಕೊಳವೆ ನಿಲ್ಲುತ್ತದೆ. ಟೋಪಿ ಕಳಚಿದರೆ ತುದಿಯಿಂದ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಸಾಮಾನ್ಯ ಕೋಶದಲ್ಲಿ ಬಹುತೇಕ ಕೊಳವೆಗಳ ಆಯುಷ್ಯ ಕೆಲವು ನಿಮಿಷ. ವಿಭಜನೆಯ ಹೊತ್ತಿನಲ್ಲಿ ಎಷ್ಟೋ ಕೊಳವೆಗಳು ಒಂದು ನಿಮಿಷವೂ ಬಾಳುವುದಿಲ್ಲ.

ಇಷ್ಟು ಶಕ್ತಿ ಖರ್ಚು ಮಾಡಿ ಕಟ್ಟಿದ್ದನ್ನು ಕೆಡವುವುದು ದುಂದುಗಾರಿಕೆಯಂತೆ ಕಾಣುತ್ತದೆ. ಕೋಶದ ಕಡೆಯಿಂದ ನೋಡಿದರೆ ಅದೊಂದು ಹುಡುಕಾಟ. ವಿಭಜನೆಗೆ ಮುನ್ನ ಕ್ರೋಮೋಸೋಮುಗಳು ಎಲ್ಲೆಂದರಲ್ಲಿ ಚದುರಿರುತ್ತವೆ. ಯಾವುದು ಎಲ್ಲಿದೆ ಎಂದು ಹೇಳುವ ನಕ್ಷೆ ಇರುವುದಿಲ್ಲ. ಕೊಳವೆಗಳು ಎಲ್ಲ ದಿಕ್ಕಿಗೂ ಚಾಚುತ್ತವೆ, ಏನೂ ಸಿಗದಿದ್ದರೆ ಕುಸಿದು ಮತ್ತೊಂದು ದಿಕ್ಕಿಗೆ ಚಾಚುತ್ತವೆ. ಕ್ರೋಮೋಸೋಮು ಸಿಕ್ಕಿದ ಕೊಳವೆ ನಿಲ್ಲುತ್ತದೆ. ಕೆಡವುವ ಸ್ವಾತಂತ್ರ್ಯ ಇಲ್ಲದಿದ್ದರೆ ಮೊದಲ ತಪ್ಪು ದಿಕ್ಕೇ ಕೊನೆಯ ದಿಕ್ಕಾಗುತ್ತಿತ್ತು.

ಈ ಮಾತಿಗೆ ಅತಿ ದೊಡ್ಡ ಸಾಕ್ಷಿ ಎರಡು ವಿಷಗಳು. ಮೊದಲನೆಯದು ಊರೂರಿನ ಅಂಗಳದಲ್ಲಿ ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪ. ಮಹಾರಾಷ್ಟ್ರದವರು ಸದಾಫುಲಿ ಎನ್ನುತ್ತಾರೆ, ಚೆನ್ನೈಯಲ್ಲಿ ಅದು ನಿತ್ಯಕಲ್ಯಾಣಿ, ಹೈದರಾಬಾದಿನಲ್ಲಿ ಬಿಳ್ಳ ಗನ್ನೇರು, ದೆಹಲಿಯಲ್ಲಿ ಸದಾಬಹಾರ್. ಮೂಲತಃ ಮಡಗಾಸ್ಕರಿನ ಗಿಡ. ಅದರ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ನಂಬಿಕೆಯನ್ನು ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ಪರೀಕ್ಷೆಗೆ ಹಚ್ಚಿದರು. ಇಲಿಗಳಿಗೆ ಅದರ ಸಾರ ಚುಚ್ಚಿದಾಗ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದು ಇಲಿಗಳು ಸೋಂಕಿನಿಂದ ಸತ್ತವು. ಅಲ್ಲಿಂದ ವಿನ್‌ಬ್ಲಾಸ್ಟಿನ್ ಬಂತು, ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು. ಮಕ್ಕಳ ರಕ್ತಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧಿ. ಇವೆರಡೂ ಟ್ಯೂಬ್ಯುಲಿನ್ ಇಟ್ಟಿಗೆಗಳಿಗೆ ಅಂಟಿಕೊಂಡು ಕೊಳವೆ ಕಟ್ಟದಂತೆ ತಡೆಯುತ್ತವೆ. ಸಕ್ಕರೆ ಕಾಯಿಲೆಗೆಂದು ಆ ಎಲೆಯನ್ನು ಬೆಳಗ್ಗೆ ಅಗಿಯುವವರು ಈಗಲೂ ಇದ್ದಾರೆ. ಅಗಿಯುತ್ತಿರುವುದು ಏನನ್ನು ಎಂದು ಅವರಿಗೆ ಯಾರಾದರೂ ಹೇಳಬೇಕು.

ಎರಡನೆಯದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆ. 1962ರಲ್ಲಿ ಅದನ್ನು ಸಂಗ್ರಹಿಸಲಾಯಿತು. ಅದರಿಂದ ಟ್ಯಾಕ್ಸಾಲ್ ಎಂಬ ವಸ್ತುವನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆ ಪ್ರಕಟಿಸಿದವರಲ್ಲಿ ಮನ್ರೋ ವಾಲ್ ಜೊತೆಗೆ ಮನ್ಸುಖ್ ವಾಣಿ ಇದ್ದರು. ವಾಣಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರಬಾರಿನಲ್ಲಿ, ಓದಿದ್ದು ಬಾಂಬೆ ವಿಶ್ವವಿದ್ಯಾಲಯದಲ್ಲಿ. ಟ್ಯಾಕ್ಸಾಲ್ ಏನು ಮಾಡುತ್ತದೆ ಎಂಬುದನ್ನು ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ 1979ರಲ್ಲಿ ತೋರಿಸಿದರು. ಅಷ್ಟು ಹೊತ್ತಿಗೆ ಗೊತ್ತಿದ್ದ ವಿಷಗಳೆಲ್ಲ ಕೊಳವೆಗಳನ್ನು ಒಡೆಯುತ್ತಿದ್ದವು. ಇದು ಕೊಳವೆಗಳನ್ನು ಗಟ್ಟಿ ಮಾಡುತ್ತಿತ್ತು. ಇಟ್ಟಿಗೆಗಳ ನಡುವೆ ಇಲ್ಲದ ಗಾರೆಯನ್ನು ಹಾಕಿದ ಹಾಗೆ. 1992ರ ಕೊನೆಗೆ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರಿಗೆ ಇದು ಒಪ್ಪಿಗೆ ಪಡೆಯಿತು. ಇಂದು ಆಸ್ಪತ್ರೆಯ ಚೀಟಿಯಲ್ಲಿ ಕಾಣುವ ಹೆಸರು ಪ್ಯಾಕ್ಲಿಟ್ಯಾಕ್ಸೆಲ್.

ಒಡೆದರೂ ಕೋಶ ಸಾಯುತ್ತದೆ, ಗಟ್ಟಿ ಮಾಡಿದರೂ ಸಾಯುತ್ತದೆ. ಎಲುಬಿನ ಹೋಲಿಕೆ ನಿಜವಾಗಿದ್ದರೆ ಟ್ಯಾಕ್ಸಾಲ್ ಒಂದು ಟಾನಿಕ್ ಆಗಬೇಕಿತ್ತು. ಎಲುಬು ಗಟ್ಟಿಯಾದರೆ ಯಾರೂ ಸಾಯುವುದಿಲ್ಲ. ಕೋಶಕ್ಕೆ ಬೇಕಿರುವುದು ಕೊಳವೆ ಇರುವುದಷ್ಟೇ ಅಲ್ಲ, ಕೊಳವೆ ಕಟ್ಟುತ್ತಾ ಕೆಡವುತ್ತಾ ಇರುವುದು. ಸೈಟೋಸ್ಕೆಲಿಟನ್ನಿನ ಬಗ್ಗೆ ಪರೀಕ್ಷೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳುವುದಿದ್ದರೆ ಅದು ಇದಾಗಬೇಕು: ಕೊಳವೆಯನ್ನು ಗಟ್ಟಿ ಮಾಡುವ ಔಷಧಿ ಕೋಶವನ್ನು ಯಾಕೆ ಕೊಲ್ಲುತ್ತದೆ?

ಗುಂಡಿ ಹಾಕಲಾಗದ ಬೆರಳಿನ ವಿಷಯಕ್ಕೆ ಬರುವುದಾದರೆ, ಕಾಲ್ಬೆರಳಿನ ಸ್ಪರ್ಶವನ್ನು ಒಯ್ಯುವ ನರಕೋಶದ ಮುಖ್ಯ ದೇಹ ಬೆನ್ನುಹುರಿಯ ಪಕ್ಕದಲ್ಲಿರುತ್ತದೆ. ಅಲ್ಲಿಂದ ಕಾಲ್ಬೆರಳಿಗೆ ಒಂದೇ ಕೋಶದ ಒಂದೇ ಎಳೆ, ಸುಮಾರು ಒಂದು ಮೀಟರ್ ಉದ್ದ. ಎಳೆಯ ತುದಿಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ತಯಾರಾಗುವುದು ಬೆನ್ನಿನ ಹತ್ತಿರದ ಆ ದೇಹದಲ್ಲಿ. ತಾನಾಗಿ ತೇಲಿ ಬರಲಿ ಎಂದರೆ ಅಷ್ಟು ದೂರ ಯಾವ ಸಾಮಾನೂ ಬರುವುದಿಲ್ಲ. ಎಳೆಯೊಳಗೆ ಉದ್ದಕ್ಕೂ ಮೈಕ್ರೋಟ್ಯೂಬ್ಯೂಲುಗಳ ಹಳಿ ಇದೆ. ಹಳಿಯ ಮೇಲೆ ಸಾಮಾನು ಹೊತ್ತು ನಡೆಯುವ ಕೈನೆಸಿನ್ ಎಂಬ ಪ್ರೋಟೀನನ್ನು 1985ರಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್ ಮತ್ತು ಮೈಕೆಲ್ ಶೀಟ್ಜ್ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದಿಂದ ಗುರುತಿಸಿದರು. ಅದರ ಒಂದು ಹೆಜ್ಜೆ 8 ನ್ಯಾನೋಮೀಟರ್, ಸರಿಯಾಗಿ ಒಂದು ಇಟ್ಟಿಗೆಯ ಉದ್ದ. ಒಂದು ಹೆಜ್ಜೆಗೆ ಒಂದು ಎಟಿಪಿ ಖರ್ಚು. ಬೆನ್ನಿನಿಂದ ಕಾಲ್ಬೆರಳಿಗೆ ಲೆಕ್ಕ ಹಾಕಿದರೆ ಹನ್ನೆರಡೂವರೆ ಕೋಟಿ ಹೆಜ್ಜೆ. ಒಂದೇ ಕೈನೆಸಿನ್ ಅಷ್ಟೂ ನಡೆಯುವುದಿಲ್ಲ. ಒಂದು ಕೈಬಿಟ್ಟರೆ ಇನ್ನೊಂದು ಹಿಡಿಯುತ್ತದೆ. ವೇಗದ ಸಾಮಾನು ದಿನಕ್ಕೆ 200ರಿಂದ 400 ಮಿಲಿಮೀಟರ್ ಸಾಗುತ್ತದೆ, ಅಂದರೆ ಬೆನ್ನಿನಿಂದ ಹೊರಟದ್ದು ಕಾಲ್ಬೆರಳು ತಲುಪಲು ಕೆಲವು ದಿನ ಬೇಕು.

ಹೋದದ್ದು ಹಿಂದಿರುಗಿಯೂ ಬರಬೇಕು. ಮುಂಬೈಯ ಡಬ್ಬಾವಾಲಾ ಬೆಳಗ್ಗೆ ತುಂಬಿದ ಡಬ್ಬಿ ಮುಟ್ಟಿಸಿ ಮಧ್ಯಾಹ್ನ ಖಾಲಿ ಡಬ್ಬಿಯನ್ನು ಮನೆಗೆ ತಿರುಗಿಸುವಂತೆ, ತುದಿಯಲ್ಲಿ ಹಳತಾದದ್ದನ್ನೂ ಅಲ್ಲಿಯ ಸುದ್ದಿಯನ್ನೂ ಕೋಶದ ದೇಹಕ್ಕೆ ತರಲು ಡೈನೀನ್ ಎಂಬ ಇನ್ನೊಂದು ಮೋಟಾರು ಇದೆ. ಈ ಡೈನೀನುಗಳು ಗುಂಪುಕಟ್ಟಿ ಹೇಗೆ ಎಳೆಯುತ್ತವೆ ಎಂಬುದರ ಮೇಲೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪ್ ಮಲ್ಲಿಕ್ ನಡೆಸಿದ ಕೆಲಸಕ್ಕೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂದಿದೆ. ಕೊಲಾಬಾದ ಆ ಕ್ಯಾಂಪಸ್ಸಿನಿಂದ ಸ್ವಲ್ಪ ದೂರದ ಶಾಲೆಗಳಲ್ಲೂ ಮಕ್ಕಳು ಅದೇ ಮೂರು ಪದ, ಆಧಾರ, ಚಲನೆ, ಆಕಾರ ಎಂದು ಬರೆದು ಅಂಕ ಪಡೆಯುತ್ತಿದ್ದಾರೆ.

ಪ್ಯಾಕ್ಲಿಟ್ಯಾಕ್ಸೆಲ್‌ಗೆ ಕ್ಯಾನ್ಸರ್ ಕೋಶದ ಕೊಳವೆ ಬೇರೆ, ನರದ ಹಳಿ ಬೇರೆ ಎಂದು ಗೊತ್ತಾಗುವುದಿಲ್ಲ. ಎರಡೂ ಒಂದೇ ಟ್ಯೂಬ್ಯುಲಿನ್. ನರದಲ್ಲಿ ವಿಭಜನೆ ಇಲ್ಲ, ಆದರೆ ಸಾಗಣೆ ಇದೆ. ಹಳಿಯ ಜೋಡಣೆ ಕೆಟ್ಟರೆ ಸಾಗಣೆ ತಪ್ಪುತ್ತದೆ. ತಪ್ಪಿದಾಗ ಮೊದಲು ಉಪವಾಸ ಬೀಳುವುದು ಅತಿ ದೂರದ ತುದಿ. ಅದಕ್ಕೇ ಜೋಮು ಕಾಲ್ಬೆರಳಲ್ಲಿ ಶುರುವಾಗುತ್ತದೆ, ಆಮೇಲೆ ಕೈಬೆರಳಿಗೆ ಬರುತ್ತದೆ, ಕಾಲುಚೀಲ ಕೈಚೀಲ ತೊಟ್ಟಂತೆ. ಜೋಮಿಗೆ ಇದೊಂದೇ ಕಾರಣವಲ್ಲ. ನರದ ಮೈಟೋಕಾಂಡ್ರಿಯಾಕ್ಕೆ ಆಗುವ ಹಾನಿಯಂಥ ಬೇರೆ ಕಾರಣಗಳೂ ಸೇರುತ್ತವೆ. ಆದರೆ ವಿಭಜನೆಯಾಗದ ಕೋಶಕ್ಕೆ ಪೆಟ್ಟು ಯಾಕೆ ಎಂಬ ಪ್ರಶ್ನೆಗೆ ಹಳಿಯ ಕಥೆ ಇಲ್ಲದೆ ಉತ್ತರವಿಲ್ಲ. ವಿನ್‌ಕ್ರಿಸ್ಟಿನ್ ಪಡೆಯುವ ಮಕ್ಕಳಲ್ಲಿ ಕಾಲೆಳೆದು ನಡೆಯುವುದು, ಮಲಬದ್ಧತೆ ಕಾಣಿಸಿಕೊಳ್ಳುವುದೂ ಇದೇ ದಾರಿಯಲ್ಲಿ: ಪಾದ ಎತ್ತುವ ನರ, ಕರುಳನ್ನು ನಡೆಸುವ ನರ ಎರಡೂ ಸೊರಗುತ್ತವೆ.

ಉತ್ತರ ಗೊತ್ತಿದ್ದರೆ ಏನು ಲಾಭ ಎಂದು ಕೇಳಬಹುದು. ಲಾಭ ಇದೆ. ಈ ಜೋಮನ್ನು ಖಚಿತವಾಗಿ ತಡೆಯುವ ಮಾತ್ರೆ ಇಲ್ಲ. ವೈದ್ಯರ ಕೈಯಲ್ಲಿರುವ ಮುಖ್ಯ ಉಪಾಯ ಡೋಸ್ ಇಳಿಸುವುದು, ಸುತ್ತುಗಳ ಅಂತರ ಬದಲಿಸುವುದು ಅಥವಾ ಬೇರೆ ಔಷಧಿಗೆ ಹೋಗುವುದು. ಅದಕ್ಕೆ ರೋಗಿ ಮೊದಲೇ ಹೇಳಬೇಕು. ಕೂದಲು ಉದುರಿದ್ದು ಎಲ್ಲರಿಗೂ ಕಾಣುತ್ತದೆ, ರಕ್ತಕಣ ಇಳಿದದ್ದು ಲ್ಯಾಬ್ ರಿಪೋರ್ಟಿನಲ್ಲಿ ಬರುತ್ತದೆ. ಜೋಮು ರೋಗಿಯ ಬಾಯಿಂದಲೇ ಬರಬೇಕು. ವಯಸ್ಸಾಯಿತು, ನಿಶ್ಶಕ್ತಿ, ಸಕ್ಕರೆ ಇರಬೇಕು ಎಂದು ತಾವೇ ಕಾರಣ ಹುಡುಕಿಕೊಂಡು ಸುಮ್ಮನಿರುವವರು, ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆಂದು ಹೆದರಿ ಮುಚ್ಚಿಡುವವರು ಇಬ್ಬರೂ ಇದ್ದಾರೆ. ಕೆಲವರಲ್ಲಿ ಔಷಧಿ ನಿಂತ ಮೇಲೂ ಜೋಮು ತಿಂಗಳುಗಟ್ಟಲೆ, ಇನ್ನು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ‘ಈ ಮದ್ದು ನರದ ಹಳಿಗೂ ತಾಗುತ್ತದೆ, ಬೆರಳ ತುದಿ ಜುಮುಜುಮು ಅಂದ ದಿನವೇ ಹೇಳಿ’ ಎಂಬ ಒಂದು ಮಾತು ಅರ್ಥವಾಗಲು ಕೋಶದೊಳಗೆ ಹಳಿ ಇದೆ ಎಂಬಷ್ಟಾದರೂ ಗೊತ್ತಿರಬೇಕು.

ಹೆಸರಿನ ಮೇಲೆ ಇಷ್ಟೊಂದು ಸಿಟ್ಟು ಬೇಕಿಲ್ಲ ಎಂಬ ವಾದಕ್ಕೂ ಬಲವಿದೆ. ನಡುಗಾತ್ರದ ಎಳೆಗಳು ನಿಜಕ್ಕೂ ಎಲುಬಿನ ಕೆಲಸ ಮಾಡುತ್ತವೆ. ಕೆರಟಿನ್ ಜೀನಿನಲ್ಲಿ ತಪ್ಪಿದ್ದರೆ ಚರ್ಮ ಸಣ್ಣ ಉಜ್ಜಾಟಕ್ಕೂ ಬೊಬ್ಬೆಯೇಳುವ ಕಾಯಿಲೆ ಬರುತ್ತದೆ. ಆಧಾರ ಎಂಬ ಪದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ನರಕೋಶದ ಹಳಿಗಳು ಕೂಡ ಬೇರೆ ಕೋಶಗಳ ಕೊಳವೆಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ. ಪಠ್ಯಪುಸ್ತಕಕ್ಕೆ ಪುಟಗಳ ಮಿತಿ ಇದೆ ಎಂಬುದೂ ನಿಜ. ಆದರೆ ಮೂರರಲ್ಲಿ ಒಂದು ಎಳೆಗೆ ಒಪ್ಪುವ ಹೆಸರು ಮೂರಕ್ಕೂ ಚಿತ್ರ ಕೊಡುತ್ತಿರುವುದೇ ಇಲ್ಲಿನ ತೊಡಕು. ಆಕ್ಟಿನ್ನನ್ನೇ ನೋಡಬಹುದು. 1942ರಲ್ಲಿ ಹಂಗೇರಿಯ ಸೆಗೆಡ್‌ನಲ್ಲಿ ಸ್ಟ್ರೌಬ್ ಅದನ್ನು ಸ್ನಾಯುವಿನಲ್ಲಿ ಗುರುತಿಸಿದಾಗ ಅದು ಸ್ನಾಯುವಿನ ಸ್ವತ್ತು ಎಂದೇ ತಿಳಿಯಲಾಗಿತ್ತು. ಈಗ ಗೊತ್ತಿರುವಂತೆ ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುವುದು ಮುಂದೆ ಆಕ್ಟಿನ್ ಕಟ್ಟುತ್ತಾ ಹಿಂದೆ ಬಿಚ್ಚುತ್ತಾ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಮತ್ತು ಜೊತೆಗಾರರ ಕೆಲಸ, ಕೋಶದ ಪೊರೆಯ ಮೇಲಿನ ಅಣುಗಳು ಎಲ್ಲಿ ಗುಂಪು ಸೇರಬೇಕು ಎಂಬುದನ್ನೂ ಪೊರೆಯ ಕೆಳಗೆ ಓಡಾಡುವ ಆಕ್ಟಿನ್ ನಿರ್ಧರಿಸುತ್ತದೆ ಎಂದು ತೋರಿಸಿದೆ. ಇಷ್ಟು ಚಟುವಟಿಕೆಯನ್ನು ಎಲುಬು ಎಂಬ ಪದ ಹೊರಲಾರದು.

ಇಂಗ್ಲಿಷಿನಲ್ಲಿ ಆ ಹೆಸರು ಇನ್ನು ಬದಲಾಗದು. ಕನ್ನಡದಲ್ಲಿ ಪರಿಸ್ಥಿತಿ ಬೇರೆ. ಕೋಶಪಂಜರ, ಕೋಶಕಂಕಾಲ ಎಂಬಂಥ ಅನುವಾದಗಳು ಇನ್ನೂ ಜನರ ಬಾಯಿಗೆ ಬಂದಿಲ್ಲ. ಪಂಜರ ಎಂದರೆ ಅಸ್ಥಿಪಂಜರದ ಜೊತೆಗೆ ಗಿಳಿಯ ಪಂಜರವೂ ನೆನಪಾಗುತ್ತದೆ. ಒಂದು ಗಟ್ಟಿ, ಇನ್ನೊಂದು ಸೆರೆ. ಇದಕ್ಕಿಂತ ಒಪ್ಪುವ ಮಾತು ಕನ್ನಡದಲ್ಲೇ ಇದೆ: ಹಂದರ. ಉತ್ತರ ಕರ್ನಾಟಕದ ಮದುವೆ ಮನೆಯ ಮುಂದೆ ಎದ್ದು ನಿಲ್ಲುವುದು ಹಂದರ, ಮಲ್ಲಿಗೆ ಬಳ್ಳಿ ಹಬ್ಬುವುದೂ ಹಂದರದ ಮೇಲೆ. ಅದು ಆಧಾರ ಕೊಡುತ್ತದೆ, ಆಕಾರ ಕೊಡುತ್ತದೆ, ಕೆಲಸ ಮುಗಿದಾಗ ಬಿಚ್ಚಿಕೊಳ್ಳುತ್ತದೆ, ಅದೇ ಗಳುಗಳು ಮುಂದಿನ ಮನೆಗೆ ಹೋಗುತ್ತವೆ. ಕೋಶಹಂದರ ಎಂದರೆ ಮೈಸೂರಿನವರಿಗೂ ಧಾರವಾಡದವರಿಗೂ ಅರ್ಥವಾಗುತ್ತದೆ, ಮತ್ತು ಅರ್ಥವಾಗುವುದು ಸರಿಯಾದ ಅರ್ಥ.

ಪದ ಬದಲಾಗದಿದ್ದರೂ ಪಾಠ ಬದಲಾಗಬಹುದು. 1950ರ ದಶಕದಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ರೋಜರ್ಸ್ ತೆಗೆದ ಒಂದು ಪುಟ್ಟ ಕಪ್ಪು–ಬಿಳುಪು ಚಿತ್ರವಿದೆ: ಕೆಂಪು ರಕ್ತಕಣಗಳ ಸಂದಿಯಲ್ಲಿ ಒಂದು ಬಿಳಿ ರಕ್ತಕಣ ಬ್ಯಾಕ್ಟೀರಿಯಾದ ಬೆನ್ನು ಹತ್ತಿ, ಅದು ತಿರುಗಿದಲ್ಲೆಲ್ಲ ತಿರುಗಿ, ಕೊನೆಗೆ ನುಂಗುತ್ತದೆ. ಕೋಶದ ಅಧ್ಯಾಯ ಶುರುವಾಗುವ ದಿನ ಯಾವ ವ್ಯಾಖ್ಯೆಯನ್ನೂ ಹೇಳದೆ ಆ ಚಿತ್ರ ತೋರಿಸಿದರೆ ಸಾಕು, ಇಷ್ಟು ಬೇಗ ದಿಕ್ಕು ಬದಲಿಸುವ ಈ ಕೋಶದೊಳಗೆ ಏನಿರಬೇಕು ಎಂಬ ಪ್ರಶ್ನೆ ಮಕ್ಕಳೇ ಕೇಳುತ್ತಾರೆ. ಮುಂದೆ ಅವರಲ್ಲಿ ಯಾರೋ ಒಬ್ಬರು ಕೀಮೋ ವಾರ್ಡಿನಲ್ಲಿ ಅಮ್ಮನ ಪಕ್ಕ ಕೂತಿರುವಾಗ, ‘ಕಾಲ್ಬೆರಳು ಯಾಕೋ ಜುಮ್ ಅಂತಿದೆ’ ಎಂದು ಅಮ್ಮ ಹೇಳಿದ ಮಾತನ್ನು ಕೇಳಿ ಸುಮ್ಮನಾಗದೆ ಎದ್ದು ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ.